ಬಣ್ಣದ ಡಬ್ಬ ತರುವ ಮೊದಲು ಸೂರು ನೋಡಿ

ತೀರ್ಥಹಳ್ಳಿ ಕಡೆಯ ಓದುಗರೊಬ್ಬರು ಬರೆದಿದ್ದಾರೆ: “ನಮ್ಮೂರ ಸರ್ಕಾರಿ ಶಾಲೆಗೆ ಮುಂದಿನ ವರ್ಷ ನೂರು ತುಂಬುತ್ತದೆ. ಹಳೇ ವಿದ್ಯಾರ್ಥಿಗಳು ಸೇರಿ ದುಡ್ಡು ಕೂಡಿಸಿದ್ದೇವೆ. ಹಂಚಿನ ಕಟ್ಟಡ ಕೆಡವಿ, ತೊಂಬತ್ತರ ದಶಕದ ಆರ್‌ಸಿಸಿ ಕೋಣೆಗಳಿಗೆ ಟೈಲ್ಸ್, ಬಣ್ಣ ಮಾಡಿಸಿ ಅನ್ನುತ್ತಾರೆ ಕಂಟ್ರಾಕ್ಟರು. ಐದನೇ ಕ್ಲಾಸಿನ ಸೂರಿನಿಂದ ಸಿಮೆಂಟ್ ಚೂರು ಬೀಳುತ್ತಿರುತ್ತದೆ, ಅದಕ್ಕೂ ಪ್ಯಾಚ್ ಹಾಕಿಸುತ್ತೇವೆ. ನಿಮ್ಮ ಸಲಹೆ ಏನು?”

ನಿಮ್ಮ ಕೊನೆಯ ಮಾತಿಗೆ ಮೊದಲು ಉತ್ತರ ಹೇಳುತ್ತೇನೆ. ಐದನೇ ಕ್ಲಾಸಿನ ಮಕ್ಕಳನ್ನು ನಾಳೆಯೇ ಆ ಕೋಣೆಯಿಂದ ಎಬ್ಬಿಸಿ ಬೇರೆ ಕಡೆ ಕೂರಿಸಿ. ಜಾಗ ಇಲ್ಲದಿದ್ದರೆ ಪಾಳಿ ಮಾಡಿ. 2025ರ ಜುಲೈ 25ರಂದು ರಾಜಸ್ಥಾನದ ಝಾಲಾವಾಡ ಜಿಲ್ಲೆಯ ಪಿಪ್ಲೋದಿಯಲ್ಲಿ ಸರ್ಕಾರಿ ಶಾಲೆಯ ಸೂರು ಕುಸಿದು 7 ಮಕ್ಕಳು ತೀರಿಕೊಂಡರು. ಬೀಳುವ ಮೊದಲು ಚೂರು ಉದುರುತ್ತಿತ್ತು, ಮಕ್ಕಳೇ ಅದನ್ನು ಹೇಳಿದ್ದರು ಅಂತ ಆಗ ಪತ್ರಿಕೆಗಳಲ್ಲಿ ಬಂದಿತ್ತು. ನಿಮ್ಮ ಪತ್ರದಲ್ಲಿ ಅದೇ ಚೂರಿನ ಮಾತು ಓದಿ ನನಗೆ ಸುಮ್ನೆ ಇರಲಾಗಲಿಲ್ಲ.

ಚೂರು ಯಾಕೆ ಬೀಳುತ್ತದೆ? ಹೆಚ್ಚಿನ ಕಡೆ ಕಾರಣ ತುಕ್ಕು. ತಾರಸಿಯಲ್ಲಿ ನೀರು ನಿಂತು ಇಳಿದು ಒಳಗಿನ ಕಂಬಿ ತಲುಪಿರುತ್ತದೆ. ತುಕ್ಕು ಹಿಡಿದ ಕಬ್ಬಿಣ ಊದಿಕೊಳ್ಳುತ್ತದೆ. ಮೊದಲಿದ್ದ ಜಾಗದ ಎರಡು ಪಟ್ಟಿಗೂ ಜಾಸ್ತಿ ಬೇಕಾಗುತ್ತದೆ ಅದಕ್ಕೆ. ಆ ಒತ್ತಡಕ್ಕೆ ಕೆಳಗಿನ ಕಾಂಕ್ರೀಟು ಒಡೆದು ಉದುರುತ್ತದೆ. ಮೇಲೆ ಸಾರಣೆ ಮೆತ್ತಿದರೆ ಕಂಬಿ ಕಣ್ಣಿಗೆ ಕಾಣುವುದಿಲ್ಲ ಅಷ್ಟೆ, ಒಳಗೆ ಅದು ಸವೆಯುತ್ತಲೇ ಇರುತ್ತದೆ.

ಹಾಗಾಗಿ ಮೊದಲು ಎಂಜಿನಿಯರ್ ಒಬ್ಬರನ್ನು ಕರೆಸಿ ಎರಡೂ ಕಟ್ಟಡ ಪರೀಕ್ಷೆ ಮಾಡಿಸಿ. ಅವರು ಬಂದಾಗ ಏನು ಮಾಡಿಸಬೇಕು ಅಂತ ನಿಮಗೂ ಗೊತ್ತಿರಲಿ. ರಿಬೌಂಡ್ ಹ್ಯಾಮರ್ ಅಂತ ಒಂದು ಉಪಕರಣ ಇದೆ, ಕಾಂಕ್ರೀಟಿನ ಮೇಲ್ಮೈಗೆ ಒತ್ತಿ ಗಟ್ಟಿತನ ಅಳೆಯುತ್ತಾರೆ. ಸಾರಣೆ ಕೆತ್ತಿ ತೆಗೆದೇ ಅಳೆಯಬೇಕು. ಅದೊಂದೇ ಸಾಲದು. ಹಳೇ ಕಾಂಕ್ರೀಟಿನ ಮೇಲ್ಪದರ ಗಾಳಿಗೆ ಗಟ್ಟಿಯಾಗಿರುತ್ತದೆ, ಉಪಕರಣ ಗಟ್ಟಿತನವನ್ನು ಇರುವುದಕ್ಕಿಂತ ಜಾಸ್ತಿ ತೋರಿಸುತ್ತದೆ. ಅನುಮಾನ ಬಂದ ಕಡೆ ಕೋರ್, ಅಂದರೆ ಕಾಂಕ್ರೀಟಿನ ಉರುಳೆಯಾಕಾರದ ತುಂಡು, ಕೊರೆದು ತೆಗೆಸಿ ಲ್ಯಾಬಿಗೆ ಕಳಿಸಲಿ. ಹೊಸದಾಗಿ ಒಡೆದ ಜಾಗಕ್ಕೆ ಫಿನಾಲ್ಫ್ತಲೀನ್ ಹನಿಸಿದರೆ ಇನ್ನೊಂದು ವಿಷಯ ತಿಳಿಯುತ್ತದೆ. ಹೈಸ್ಕೂಲ್ ಲ್ಯಾಬಿನಲ್ಲಿ ಇರುತ್ತಲ್ವಾ, ಅದೇ. ಗುಲಾಬಿ ಬಣ್ಣ ಬಂದರೆ ಕಾಂಕ್ರೀಟಿನ ಕ್ಷಾರ ಇನ್ನೂ ಕಂಬಿಯನ್ನು ಕಾಯುತ್ತಿದೆ. ಬಣ್ಣ ಬಾರದ ಪದರ ಕಂಬಿಯವರೆಗೂ ಇಳಿದಿದ್ದರೆ ಆ ಕಾವಲು ಹೋಗಿದೆ ಅಂತ ಅರ್ಥ.

ಇನ್ನು ಹಂಚಿನ ಕಟ್ಟಡ. ದಯವಿಟ್ಟು ಅವಸರದಲ್ಲಿ ಕೆಡವಬೇಡಿ. ಬಾಸೆಲ್ ಮಿಶನ್ ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ಶುರು ಮಾಡಿದ್ದು 1865ರಲ್ಲಿ. ಅಲ್ಲಿಂದ ಬಂದ ಈ ಬಗೆಯ ಸೂರು ನಮ್ಮ ಮಲೆನಾಡಿನ ಮಳೆಗೆ ಚೆನ್ನಾಗಿ ಒಗ್ಗಿದೆ. ಒಂದು ಹಂಚು ಒಡೆದರೆ ಆ ಒಂದನ್ನೇ ಬದಲಾಯಿಸಬಹುದು. ನಿಮ್ಮ ಎರಡು ಕಟ್ಟಡಗಳಲ್ಲಿ ಇದೇ ಗಟ್ಟಿ ಅಂತ ಗೊತ್ತಾದರೆ ನನಗೇನೂ ಆಶ್ಚರ್ಯ ಆಗುವುದಿಲ್ಲ. ಇಲ್ಲಿ ನೋಡಬೇಕಾದ್ದು ಮರ. ತೊಲೆಯ ತುದಿ ಗೋಡೆಯೊಳಗೆ ಕೂತಿರುವ ಜಾಗದಲ್ಲೇ ಮೊದಲು ಕೊಳೆಯುವುದು. ಅಲ್ಲಿ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ, ಟೊಳ್ಳು ಸದ್ದು ಬರುತ್ತಾ ಕೇಳಿ. ಹಂಚು ಹೊರುವ ಪಕಾಸು, ರೀಪುಗಳಲ್ಲಿ ಗೆದ್ದಲು ಇದೆಯಾ ನೋಡಿ. ಗೋಡೆ ಸುಣ್ಣದ ಗಾರೆಯದಾಗಿದ್ದರೆ ಸಿಮೆಂಟ್ ಸಾರಣೆ ಬೇಡವೇ ಬೇಡ. ಗೋಡೆ ಹೀರಿದ ತೇವ ಹೊರಗೆ ಹೋಗಲು ದಾರಿಯಿಲ್ಲದೆ ಒಳಗೇ ಉಳಿಯುತ್ತದೆ. ಸುಣ್ಣಕ್ಕೆ ಸುಣ್ಣವೇ ಸರಿ.

ಬಿರುಕುಗಳನ್ನು ಈಗಲೇ ಮುಚ್ಚಬೇಡಿ. ಪ್ರತಿಯೊಂದರ ಎರಡೂ ತುದಿಗೆ ಪೆನ್ಸಿಲಿನಲ್ಲಿ ಗೆರೆ ಎಳೆದು ತಾರೀಕು ಬರೆಯಿರಿ. ಮಳೆಗಾಲ ಮುಗಿದ ಮೇಲೆ ಬಿರುಕು ಗೆರೆ ದಾಟಿದೆಯಾ ನೋಡಿ. ಕಿಟಕಿಯ ಮೂಲೆಯಿಂದ ಓರೆಯಾಗಿ ಹೋಗುವ ಬಿರುಕು, ಹಳೇ ಕಟ್ಟಡಕ್ಕೆ ಹೊಸ ಕೋಣೆ ಅಂಟಿಸಿದ ಕಡೆಯ ಬಿರುಕು, ಇವೆರಡನ್ನೂ ಎಂಜಿನಿಯರಿಗೆ ತಪ್ಪದೆ ತೋರಿಸಿ. ತಳಪಾಯ ಒಂದು ಕಡೆ ಕುಸಿದಿರಬಹುದು. ಆ ಕೋಣೆ ಕಟ್ಟಿದ ಮೇಸ್ತ್ರಿ ಊರಲ್ಲಿದ್ದರೆ ಕರೆದು ಕೇಳಿ. ಮೊದಲು ಅಲ್ಲಿ ಬಾವಿ ಇತ್ತಾ, ಹೊಂಡ ತುಂಬಿಸಿದ್ದರಾ ಅನ್ನುವುದು ಯಾವ ಉಪಕರಣಕ್ಕೂ ಗೊತ್ತಾಗುವುದಿಲ್ಲ.

ಜೋರು ಮಳೆಯ ಒಂದು ದಿನ ಕೊಡೆ ಹಿಡಿದು ಶಾಲೆಯ ಸುತ್ತ ನಡೆಯಿರಿ. ಸೂರಿನ ನೀರು ಎಲ್ಲಿ ಬೀಳುತ್ತದೆ, ಗೋಡೆಯ ಬುಡದಲ್ಲಿ ನಿಲ್ಲುತ್ತಾ, ತಾರಸಿಯ ಪೈಪು ಕಟ್ಟಿದೆಯಾ, ಎಲ್ಲ ಬರೆದಿಟ್ಟುಕೊಳ್ಳಿ. ಗೋಡೆಯಲ್ಲಿ ಅರಳಿ ಗಿಡ ಬಂದಿದ್ದರೆ ಅದನ್ನೂ. ವೈರಿಂಗ್, ಅರ್ಥಿಂಗನ್ನು ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ ನೋಡಲಿ.

ತಮಿಳುನಾಡಿನ ಕುಂಭಕೋಣಂ ಶಾಲೆಯಲ್ಲಿ 2004ರಲ್ಲಿ ಬೆಂಕಿ ಬಿದ್ದು 94 ಮಕ್ಕಳು ಸತ್ತರು. ಆ ನಂತರದ ಪ್ರಕರಣದಲ್ಲಿ, ಸರಿಯಾಗಿ ಪರೀಕ್ಷಿಸಿದ ಮೇಲೆಯೇ ಶಾಲೆಗೆ ಸುರಕ್ಷತೆಯ ಪ್ರಮಾಣಪತ್ರ ಕೊಡಬೇಕು ಅಂತ ಸುಪ್ರೀಂ ಕೋರ್ಟ್ 2009ರಲ್ಲಿ ಹೇಳಿತು. ಹಾಗಾಗಿ ಎಂಜಿನಿಯರಿಂದ ಬಾಯಿ ಮಾತಿನಲ್ಲಿ “ಏನೂ ಆಗಲ್ಲ” ಅನ್ನಿಸಿಕೊಂಡು ಬರಬೇಡಿ. ಕೋಣೆ ಕೋಣೆಗೂ ಬೇರೆ ಬೇರೆ ಬರೆದು, ಸಹಿ ಹಾಕಿದ ವರದಿ ಕೇಳಿ. ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಸಭೆಯಲ್ಲಿ ಓದಿ, ನಡಾವಳಿಗೆ ಸೇರಿಸಿ, ಒಂದು ಪ್ರತಿ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಗೆ ಕೊಟ್ಟು ಸ್ವೀಕೃತಿ ತೆಗೆದುಕೊಳ್ಳಿ. ಕಂಟ್ರಾಕ್ಟರಿಗೆ ಅಡ್ವಾನ್ಸ್ ಕೊಡುವುದು ಆಮೇಲೆ.

ಶತಮಾನೋತ್ಸವದ ಹೊತ್ತಿಗೆ ಬಣ್ಣ ಆಗದೇ ಹೋಗಬಹುದು. ಆಗಲಿ ಬಿಡಿ, ಊರವರಿಗೆ ವರದಿ ತೋರಿಸಿ. ಐದನೇ ಕ್ಲಾಸಿನವರನ್ನು ಎಲ್ಲಿ ಕೂರಿಸಿದಿರಿ ಅಂತ ನನಗೊಂದು ಕಾಗದ ಬರೆಯಿರಿ, ಕಾಯುತ್ತಿರುತ್ತೇನೆ.

– ಸಂಪಾದಕ