ನಿಮ್ಮ ಪ್ರಶ್ನೆ ಇದು: ಬೇಸ್‌ಬಾಲಿನಲ್ಲಿ ನಮ್ಮೂರಿನ ರಾಕೀಸ್ 2025ರಲ್ಲಿ 119 ಪಂದ್ಯ ಸೋತಿದೆ. ಡ್ರಾಫ್ಟಿಗಾಗಿ (ತಂಡಗಳು ಸರದಿಯಂತೆ ಹೊಸ ಆಟಗಾರರನ್ನು ಆರಿಸಿಕೊಳ್ಳುವ ವ್ಯವಸ್ಥೆ) ಇನ್ನೂ ಸೋಲಲಿ ಅಂತ ಹಾರೈಸಬಹುದೇ? ಸೀಸನ್ ಟಿಕೆಟ್ ತೆಗೆದುಕೊಳ್ಳಲೇ?

2024ರಲ್ಲಿ ನಾನೂ ಇದೇ ಲೆಕ್ಕ ಹಾಕಿದ್ದೆ. ನೀವು ಡೆನ್ವರ್, ನಾನು ಶಿಕಾಗೊ. ನಿಮ್ಮದು ರಾಕೀಸ್, ನನ್ನದು ವೈಟ್ ಸಾಕ್ಸ್. ಹೇಗೂ ಸೋಲುತ್ತಿದ್ದಾರೆ, ಪೂರ್ತಿ ಸೋತುಬಿಡಲಿ, ಡ್ರಾಫ್ಟಿನಲ್ಲಿ ಮೊದಲ ಆಯ್ಕೆಯಾದರೂ ಬರಲಿ ಅಂತ. ಆ ಲೆಕ್ಕ ಬುಡದಿಂದಲೇ ತಪ್ಪು. ನಿಮ್ಮ ವಿಷಯದಲ್ಲಂತೂ ಈಗಾಗಲೇ ತಪ್ಪಾಗಿ ಹೋಗಿದೆ.

ಆ ವರ್ಷ ವೈಟ್ ಸಾಕ್ಸ್ 41 ಗೆದ್ದು 121 ಸೋತಿತು. 1900ರಿಂದ ಈಚೆಗೆ ಒಂದು ಸೀಸನ್ನಿನಲ್ಲಿ ಅಷ್ಟು ಸೋತ ತಂಡ ಇನ್ನೊಂದಿಲ್ಲ. 1962ರಲ್ಲಿ ಆಗಷ್ಟೇ ಹುಟ್ಟಿದ್ದ ನ್ಯೂಯಾರ್ಕ್ ಮೆಟ್ಸ್ 120 ಸೋತಿತ್ತು, ಅದನ್ನೂ ದಾಟಿದೆವು. ಮೂರೇ ವರ್ಷದ ಹಿಂದೆ, 2021ರಲ್ಲಿ, ಇದೇ ತಂಡ 93 ಗೆದ್ದು ತನ್ನ ವಿಭಾಗದಲ್ಲಿ ಮೊದಲು ಬಂದಿತ್ತು. 2022ರಲ್ಲಿ 81–81. 2023ರಲ್ಲಿ 61–101. ಆ ಜುಲೈನಲ್ಲಿ ಪಿಚರುಗಳಾದ (ಬ್ಯಾಟರಿಗೆ ಚೆಂಡು ಹಾಕುವವರು) ಜಿಯೊಲಿಟೊ, ಲಿನ್, ಲೋಪೆಸ್ ಎಲ್ಲರನ್ನೂ ಬೇರೆ ತಂಡಗಳಿಗೆ ಟ್ರೇಡ್ ಮಾಡಿದರು, ಆಗಸ್ಟಿನಲ್ಲಿ ಆಡಳಿತದ ಇಬ್ಬರು ಹಿರಿಯರನ್ನು ತೆಗೆದು ಕ್ರಿಸ್ ಗೆಟ್ಸ್ ಅವರನ್ನು ಕೂರಿಸಿದರು. 2024ರ ಮಾರ್ಚ್ 13ಕ್ಕೆ, ಸೀಸನ್ ಶುರುವಾಗಲು ಎರಡು ವಾರವಿದ್ದಾಗ, ಅತ್ಯುತ್ತಮ ಪಿಚರ್ ಡಿಲನ್ ಸೀಸ್ ಕೂಡ ಸ್ಯಾನ್ ಡಿಯೇಗೊಗೆ ಹೋದರು.

ಹಾಗಾಗಿ ಮೊದಲ ಪಂದ್ಯಕ್ಕೆ ಚೆಂಡು ಗ್ಯಾರೆಟ್ ಕ್ರೋಶೆ ಕೈಗೆ ಬಂತು. ಅಲ್ಲಿಯವರೆಗೆ ಮೇಜರ್ ಲೀಗಿನಲ್ಲಿ ಒಂದೇ ಒಂದು ಪಂದ್ಯವನ್ನೂ ಆರಂಭಿಸದ, ಬುಲ್‌ಪೆನ್ನಿನಿಂದ, ಅಂದರೆ ಪಂದ್ಯದ ನಡುವೆ ಬದಲಿಗೆ ಇಳಿಯುವವರ ಗುಂಪಿನಿಂದ, ಬರುತ್ತಿದ್ದ ಎಡಗೈ ಪಿಚರ್. ಮೊಣಕೈ ಶಸ್ತ್ರಚಿಕಿತ್ಸೆಯಿಂದ ಎದ್ದುಬಂದು ಹಿಂದಿನ ವರ್ಷ ಹಾಕಿದ್ದು 13 ಇನ್ನಿಂಗ್ಸ್ ಕೂಡ ಇಲ್ಲ. ಮಾರ್ಚ್ 28, ಎದುರಾಳಿ ಡೆಟ್ರಾಯಿಟ್. ಆರು ಇನ್ನಿಂಗ್ಸ್, ಎಂಟು ಸ್ಟ್ರೈಕ್‌ಔಟ್ (ಮೂರು ಸ್ಟ್ರೈಕಿಗೆ ಬ್ಯಾಟರ್ ಔಟ್), ಕೊಟ್ಟದ್ದು ಒಂದೇ ರನ್. ಪಂದ್ಯ 1–0ಕ್ಕೆ ಸೋತೆವು. ಇಡೀ ವರ್ಷದ ಜಾತಕ ಆ ಒಂದು ಸಂಜೆಯಲ್ಲೇ ಇತ್ತು: ಒಬ್ಬ ಅದ್ಭುತವಾಗಿ ಚೆಂಡು ಹಾಕುತ್ತಾನೆ, ಮಿಕ್ಕವರಿಗೆ ಒಂದು ರನ್ ಹುಟ್ಟುವುದಿಲ್ಲ. ಏಪ್ರಿಲ್ ಎರಡನೇ ವಾರಕ್ಕಾಗಲೇ ಬ್ಯಾಟರುಗಳಲ್ಲಿ ರಾಬರ್ಟ್ ಸೊಂಟದ ಸ್ನಾಯು ಹಿಡಿದು ಕುಳಿತರು, ಮೊಂಕಾಡಾ ತೊಡೆಯ ಸ್ನಾಯು ಹರಿದುಕೊಂಡು ಸೆಪ್ಟೆಂಬರಿನವರೆಗೆ ಬರಲಿಲ್ಲ. ಫೀಲ್ಡಿಂಗ್ ಚೆನ್ನಾಗಿದ್ದರೆ ಸಾಕು ಅಂತ ತಂದ ಕ್ಯಾಚರ್ ಮಾಲ್ಡೊನಾಡೊ ಅವರ ಬ್ಯಾಟಿಂಗ್ ಸರಾಸರಿ .119, ಅಂದರೆ ನೂರು ಸಲಕ್ಕೆ ಹನ್ನೆರಡು ಹಿಟ್ ಕೂಡ ಇಲ್ಲ. ಮೊದಲ 25ರಲ್ಲಿ ಗೆದ್ದದ್ದು ಮೂರು.

ಮೇ 23ರ ಪಂದ್ಯವನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಬಾಲ್ಟಿಮೋರಿನ ಒರಿಯೋಲ್ಸ್ ಎದುರು, ಕೊನೆಯದಾದ ಒಂಬತ್ತನೇ ಇನ್ನಿಂಗ್ಸಿನಲ್ಲಿ ಆರು ರನ್ ಹಿಂದಿದ್ದ ನಮ್ಮವರು ನಾಲ್ಕು ರನ್ ಸೇರಿಸಿ 8–6ಕ್ಕೆ ತಂದಿದ್ದರು. ಒಬ್ಬ ಔಟ್, ಮೊದಲ ಮತ್ತು ಎರಡನೇ ಬೇಸಿನಲ್ಲಿ ಇಬ್ಬರು. ಬೆನಿಂಟೆಂಡಿ ಹೊಡೆದ ಚೆಂಡು ಎರಡನೇ ಮತ್ತು ಮೂರನೇ ಬೇಸಿನ ನಡುವೆ ನಿಲ್ಲುವ ಫೀಲ್ಡರ್, ಅಂದರೆ ಶಾರ್ಟ್‌ಸ್ಟಾಪ್, ಹೆಂಡರ್ಸನ್ ಕಡೆ ನೇರ ಮೇಲಕ್ಕೆ ಹೋಯಿತು. ಇಂಥ ಹೊತ್ತಿನಲ್ಲಿ, ಸುಲಭದ ಕ್ಯಾಚ್ ಆಗಿದ್ದರೆ, ಅಂಪೈರ್ ಬ್ಯಾಟರನ್ನು ಮೊದಲೇ ಔಟ್ ಅನ್ನುತ್ತಾರೆ. ಫೀಲ್ಡರ್ ಬೇಕಂತಲೇ ಚೆಂಡು ಬಿಟ್ಟು ಇಬ್ಬರನ್ನು ಔಟ್ ಮಾಡಬಾರದು ಅಂತ ಇರುವ ನಿಯಮ. ಅಲ್ಲಿಗೆ ಎರಡು ಔಟ್, ಮೂರಾಗುವವರೆಗೆ ಆಟ ಇನ್ನೂ ಬಾಕಿ. ಆದರೆ ಎರಡನೇ ಬೇಸಿಗೆ ಹಿಂತಿರುಗುತ್ತಿದ್ದ ಆಂಡ್ರೂ ವಾನ್, ಹೆಂಡರ್ಸನ್ ಅವರ ದಾರಿಗೆ ಅಡ್ಡ ಬಂದರು ಅಂತ ಅವರನ್ನೂ ಔಟ್ ಕೊಟ್ಟರು. ಹೆಂಡರ್ಸನ್ ಆರಾಮವಾಗಿ ಕ್ಯಾಚ್ ಹಿಡಿದಿದ್ದರು. ಪಂದ್ಯ ಅಲ್ಲಿಗೇ ಮುಗಿಯಿತು. ಅಂಪೈರ್ ತಮ್ಮ ವಿವೇಚನೆ ಬಳಸಿ ಬಿಡಬಹುದಿತ್ತು ಅಂತ ಲೀಗ್ ಆಮೇಲೆ ತಂಡಕ್ಕೆ ಹೇಳಿತು.

ಆ ರಾತ್ರಿ ಕೋಪ ಬರಬೇಕಿತ್ತು. ಬಂದದ್ದು ಸಮಾಧಾನ: ಇನ್ನೊಂದು ಸೋಲು, ಮೊದಲ ಆಯ್ಕೆಗೆ ಇನ್ನೊಂದು ಹೆಜ್ಜೆ. ತಪ್ಪು ಶುರುವಾದದ್ದೇ ಅಲ್ಲಿಂದ.

ಆ ತಪ್ಪನ್ನು ಪೂರ್ತಿ ಹೇಳುತ್ತೇನೆ, ಯಾಕೆಂದರೆ ನಿಮ್ಮ ಪ್ರಶ್ನೆಯಲ್ಲಿ ಇರುವುದೂ ಅದೇ. ಮೊದಲೆಲ್ಲ ಅತಿ ಹೆಚ್ಚು ಸೋತ ತಂಡಕ್ಕೆ ಮುಂದಿನ ಡ್ರಾಫ್ಟಿನಲ್ಲಿ ಮೊದಲ ಆಯ್ಕೆ ಸಿಗುತ್ತಿತ್ತು. ಲೀಗ್ ಮತ್ತು ಆಟಗಾರರ ನಡುವಿನ 2022ರ ಕಾರ್ಮಿಕ ಒಪ್ಪಂದದ ನಂತರ ಹಾಗಿಲ್ಲ. ಪ್ಲೇಆಫ್ ತಲುಪದ 18 ತಂಡಗಳ ನಡುವೆ ಡಿಸೆಂಬರಿನಲ್ಲಿ ಲಾಟರಿ ಎತ್ತುತ್ತಾರೆ, ಮೊದಲ ಆರು ಸ್ಥಾನ ಅದರಲ್ಲೇ ತೀರ್ಮಾನ. ಅತಿ ಕೆಟ್ಟ ಮೂರು ತಂಡಗಳಿಗೆ ಸಿಗುವ ಅವಕಾಶ ಒಂದೇ ಸಮ, ತಲಾ ಶೇ. 16.5. ಅಂದರೆ 121 ಸೋತರೂ, ಕೆಳಗಿನಿಂದ ಮೂರನೆಯವರಾಗಿ ಅದಕ್ಕಿಂತ ಕಮ್ಮಿ ಸೋತರೂ ಚೀಟಿ ಅಷ್ಟೇ. ಇಷ್ಟು ನನಗೆ ಗೊತ್ತಿತ್ತು. ಓದದೆ ಬಿಟ್ಟದ್ದು ಅದರ ಕೆಳಗಿನ ಸಾಲು. ಲೀಗಿನ ಆದಾಯ ಹಂಚಿಕೆಯಲ್ಲಿ ಹಣ ಪಡೆಯದ ದೊಡ್ಡ ಊರಿನ ತಂಡ ಸತತ ಎರಡು ವರ್ಷ ಲಾಟರಿ ಸ್ಥಾನ ಪಡೆಯುವಂತಿಲ್ಲ. ಹಣ ಪಡೆಯುವ ತಂಡ ಸತತ ಮೂರು ವರ್ಷ ಪಡೆಯುವಂತಿಲ್ಲ. ಅನರ್ಹವಾದ ತಂಡಕ್ಕೆ ಮೊದಲ ಸುತ್ತಿನಲ್ಲಿ 10ಕ್ಕಿಂತ ಮೇಲಿನ ಸ್ಥಾನವಿಲ್ಲ. ಶಿಕಾಗೊ ದೊಡ್ಡ ಊರು. 2024ರ ಡ್ರಾಫ್ಟಿಗೆ 2023ರ ಡಿಸೆಂಬರಿನ ಲಾಟರಿಯಲ್ಲೇ ನಮಗೆ 5ನೇ ಆಯ್ಕೆ ಸಿಕ್ಕಿತ್ತು. ಹಾಗಾಗಿ 2024ರ ಮೊದಲ ಚೆಂಡು ಬೀಳುವ ಮುಂಚೆಯೇ ಕೊನೆಯ ಸ್ಥಾನಕ್ಕೆ ಬೆಲೆ ಇರಲಿಲ್ಲ. ನೂರು ಸೋತರೂ ನೂರಿಪ್ಪತ್ತು ಸೋತರೂ 10ನೆಯದೇ. 2025ರ ಡ್ರಾಫ್ಟಿನಲ್ಲಿ ಮೊದಲ ಆಯ್ಕೆ ಯಾರಿಗೆ ಹೋಯಿತು? 71 ಪಂದ್ಯ ಗೆದ್ದಿದ್ದ ವಾಷಿಂಗ್ಟನ್‌ಗೆ.

ಈ ಒಂದು ಸಾಲು ಓದದಿದ್ದಕ್ಕೆ ಕಳೆದುಕೊಂಡದ್ದು ಏನು ಅಂದರೆ, ಕ್ರೋಶೆ. ನನ್ನ ಬಳಿ 20 ಪಂದ್ಯಗಳ ಪ್ಯಾಕೇಜ್ ಇತ್ತು. ಜೂನ್ ನಂತರ ಅವರು ಚೆಂಡು ಹಾಕುವ ದಿನದ ಟಿಕೆಟ್ಟುಗಳನ್ನೇ ಮಾರಿದೆ, ಯಾಕೆಂದರೆ ಆ ದಿನಗಳಲ್ಲೇ ಗೆಲ್ಲುವ ಭಯ! ಆ ವರ್ಷ ಅವರು 146 ಇನ್ನಿಂಗ್ಸಿನಲ್ಲಿ 209 ಸ್ಟ್ರೈಕ್‌ಔಟ್ ತೆಗೆದರು. ಜುಲೈ ನಂತರ ತೋಳಿಗೆ ಭಾರವಾಗದಿರಲಿ ಅಂತ ನಾಲ್ಕು ಇನ್ನಿಂಗ್ಸಿಗೇ ನಿಲ್ಲಿಸುತ್ತಿದ್ದರು, ಆಮೇಲೆ ಬುಲ್‌ಪೆನ್ ಬಂದು ಪಂದ್ಯ ಕೈಬಿಡುತ್ತಿತ್ತು. ದಾಖಲೆಯಲ್ಲಿ ಉಳಿದದ್ದು 6 ಗೆಲುವು, 12 ಸೋಲು. ಡಿಸೆಂಬರಿನಲ್ಲಿ ಬಾಸ್ಟನ್‌ಗೆ ಟ್ರೇಡ್ ಆದರು. 35ನೇ ಬೀದಿಯ ಮೈದಾನದಲ್ಲಿ ಅವರನ್ನು ಆರಂಭಿಕ ಪಿಚರ್ ಆಗಿ ನಮ್ಮ ಅಂಗಿಯಲ್ಲಿ ನೋಡುವ ಅವಕಾಶ ಇದ್ದದ್ದು ಅದೊಂದೇ ಪೂರ್ತಿ ವರ್ಷ.

ಜುಲೈ 10ರಿಂದ ಆಗಸ್ಟ್ 5ರವರೆಗೆ ಸತತ 21 ಸೋಲು. 1988ರ ಬಾಲ್ಟಿಮೋರ್ ಹೆಸರಿನಲ್ಲಿದ್ದ ಅಮೆರಿಕನ್ ಲೀಗ್ (ಮೇಜರ್ ಲೀಗಿನ ಎರಡು ಭಾಗಗಳಲ್ಲಿ ಒಂದು) ದಾಖಲೆಗೆ ಸಮ. ಆಗಸ್ಟ್ 6ಕ್ಕೆ ಓಕ್ಲೆಂಡಿನಲ್ಲಿ 5–1ಕ್ಕೆ ಗೆದ್ದರು, ಆಗಸ್ಟ್ 8ಕ್ಕೆ ಮ್ಯಾನೇಜರ್ ಗ್ರಿಫೋಲ್ ಅವರನ್ನು ತೆಗೆದರು. ಆಗ 28–89. ಸೆಪ್ಟೆಂಬರ್ 22ಕ್ಕೆ ಸ್ಯಾನ್ ಡಿಯೇಗೊದಲ್ಲಿ 120ನೇ ಸೋಲು. 24ಕ್ಕೆ ಏಂಜಲ್ಸ್ ಎದುರು ಮನೆಯಂಗಳದಲ್ಲಿ ಪಂದ್ಯ. ದಾಖಲೆಯ ಸೋಲು ನೋಡಲೆಂದೇ ಜನ ಬಂದಿದ್ದರು, ನಾನೂ ಹೋಗಿದ್ದೆ. ಎಂಟನೇ ಇನ್ನಿಂಗ್ಸಿನವರೆಗೆ 0–2. ಆಮೇಲೆ ಮೂರು ರನ್ ಬಂತು, 3–2ಕ್ಕೆ ಗೆದ್ದರು. ತಂಡ ಮಾರಿ ಅಂತ ಮಾಲೀಕರ ವಿರುದ್ಧ ಕೂಗುತ್ತಿದ್ದ ಜನವೇ ಎದ್ದು ನಿಂತು ಚಪ್ಪಾಳೆ ತಟ್ಟಿದರು. ನಾನು ಮಾತ್ರ ಕೈ ಎತ್ತಲಾರದೆ ಕುಳಿತಿದ್ದೆ, ಸೋಲು ಬೇಕು ಅಂತ ನಾಲ್ಕು ತಿಂಗಳಿಂದ ಕಾದಿದ್ದೆನಲ್ಲ. ಏಂಜಲ್ಸನ್ನು ಮೂರಕ್ಕೆ ಮೂರೂ ಸೋಲಿಸಿ, 121ನೆಯದನ್ನು 27ಕ್ಕೆ ಡೆಟ್ರಾಯಿಟಿನಲ್ಲಿ ಸೋತರು. ಕೊನೆಯ ಎರಡನ್ನೂ ಗೆದ್ದರು.

ಈಗ ನಿಮ್ಮ ತಂಡ. ರಾಕೀಸ್‌ಗೆ 2024ರಲ್ಲಿ 3ನೇ ಆಯ್ಕೆ, 2025ರಲ್ಲಿ 4ನೆಯದು. ನಿಮ್ಮದು ಹಣ ಪಡೆಯುವ ತಂಡ, ಸತತ ಎರಡು ವರ್ಷ ಆಗಿಹೋಯಿತು. 119 ಸೋತರೂ 2026ರಲ್ಲಿ 10ರ ಮೇಲೆ ಹೋಗುವಂತಿಲ್ಲ. ಡಿಸೆಂಬರಿನ ಲಾಟರಿಯಲ್ಲಿ ಮೊದಲ ಸ್ಥಾನ ಗೆದ್ದದ್ದು 2025ರಲ್ಲಿ 60–102ಕ್ಕೆ ಸುಧಾರಿಸಿದ ನಮ್ಮ ವೈಟ್ ಸಾಕ್ಸ್. ಅತಿ ಹೆಚ್ಚು ಸೋತ ವರ್ಷ 10, ಹತ್ತೊಂಬತ್ತು ಹೆಚ್ಚು ಗೆದ್ದ ವರ್ಷ 1. ನಿಯಮ ಹೀಗಿರುವಾಗ ಸೋಲಿಗೆ ಹರಕೆ ಹೊರುವುದರಲ್ಲಿ ಏನು ಅರ್ಥವಿದೆ?

ಮೊದಲ ಆಯ್ಕೆ ಸಿಕ್ಕರೂ ಅದರಿಂದ ತಂಡ ಎದ್ದು ನಿಲ್ಲುತ್ತದೆ ಅನ್ನುವುದನ್ನೇ ನಾನು ಒಪ್ಪುವುದಿಲ್ಲ. 2017, 2018ರಲ್ಲಿ ವೈಟ್ ಸಾಕ್ಸ್ ಬೇಕಂತಲೇ ಕಳಚಿ ಕಟ್ಟಲು ಹೊರಟು ಸೋತಾಗ ಸಿಕ್ಕದ್ದು 4ನೇ ಆಯ್ಕೆಯಾಗಿ ಮ್ಯಾಡ್ರಿಗಲ್, 3ನೆಯದಾಗಿ ವಾನ್. ಇಬ್ಬರೂ ಈಗ ತಂಡದಲ್ಲಿಲ್ಲ. ಕ್ರೋಶೆ 2020ರ 11ನೇ ಆಯ್ಕೆ. 2025ರಲ್ಲಿ 71 ಪಂದ್ಯದಲ್ಲಿ 21 ಹೋಮ್ ರನ್ ಹೊಡೆದ ಕೋಲ್ಸನ್ ಮಾಂಟ್ಗೊಮರಿ 2021ರ 22ನೇ ಆಯ್ಕೆ, ಅದೂ ಪ್ಲೇಆಫ್ ಆಡಿದ ಸೀಸನ್ನಿನ ನಂತರ ಬಂದದ್ದು. 2025ರಲ್ಲೇ ಆಲ್‌ಸ್ಟಾರ್ ಪಂದ್ಯಕ್ಕೆ ಆಯ್ಕೆಯಾದ ಪಿಚರ್ ಶೇನ್ ಸ್ಮಿತ್ ನಮಗೆ ಸಿಕ್ಕದ್ದು ಬೇರೆ ತಂಡ ಕಾಯ್ದಿರಿಸದೆ ಬಿಟ್ಟ ಆಟಗಾರರ ಪಟ್ಟಿಯಿಂದ. ಕ್ರೋಶೆ ಕೊಟ್ಟು ತಂದ ನಾಲ್ವರಲ್ಲಿ ಕೈಲ್ ಟೀಲ್, ಚೇಸ್ ಮೈಡ್ರಾತ್ ಅದೇ ವರ್ಷ ಆಡಿದರು. ನಾವು ಆರ್‌ಸಿಬಿ ನೋಡಿ ಬೆಳೆದವರು. 2017ರಲ್ಲಿ ಮೂರೇ ಗೆದ್ದು ಕೊನೆಯಲ್ಲಿದ್ದಾಗ ಹರಾಜಿನಲ್ಲಿ ಯಾರೂ ವಿಶೇಷ ಕೊಡುಗೆ ಕೊಡಲಿಲ್ಲ, ಆದರೂ ಒಬ್ಬರಾದರೂ ತಂಡ ಸೋಲಲಿ ಅಂದರೇ? ಇಲ್ಲಿಗೆ ಬಂದಮೇಲೆ ಆ ಅಭ್ಯಾಸ ಬಿಡುವುದು ಯಾಕೆ?

ತಂಡ ನಿಜಕ್ಕೂ ಎಷ್ಟು ಕೆಟ್ಟದು ಅನ್ನುವುದಕ್ಕೆ ಗೆಲುವು ಸೋಲು ನೋಡಬೇಡಿ, ರನ್ ನೋಡಿ. ಗಳಿಸಿದ ರನ್ನಿನ ವರ್ಗವನ್ನು, ಗಳಿಸಿದ್ದು ಮತ್ತು ಕೊಟ್ಟದ್ದು ಎರಡರ ವರ್ಗಗಳ ಮೊತ್ತದಿಂದ ಭಾಗಿಸಿ, ಸೀಸನ್ನಿನ ಒಟ್ಟು ಪಂದ್ಯ 162ರಿಂದ ಗುಣಿಸಿ. 2024ರ ವೈಟ್ ಸಾಕ್ಸ್ 507 ಗಳಿಸಿ 813 ಕೊಟ್ಟಿತು. ಲೆಕ್ಕಕ್ಕೆ 45 ಗೆಲುವು ಬರಬೇಕಿತ್ತು, ಬಂದದ್ದು 41. ನಾಲ್ಕು ಗೆಲುವು ಅದೃಷ್ಟ ಕೆಟ್ಟು ಹೋದದ್ದು. ನಿಮ್ಮವರು 2025ರಲ್ಲಿ 597 ಗಳಿಸಿ 1021 ಕೊಟ್ಟರು. ಲೆಕ್ಕಕ್ಕೆ 41, ಬಂದದ್ದು 43. ನಿಮಗೆ ವಾಪಸ್ ಬರಬೇಕಾದ ಅದೃಷ್ಟ ಬಾಕಿ ಇಲ್ಲ, ಪಿಚಿಂಗ್ ಸರಿಹೋಗದೆ ದಾರಿಯೇ ಇಲ್ಲ. ಸಮುದ್ರಮಟ್ಟದಿಂದ ಸುಮಾರು 5,200 ಅಡಿ ಎತ್ತರದಲ್ಲಿ ಗಾಳಿ ತೆಳುವು. ಚೆಂಡು ದೂರ ಹಾರುವುದು ಎಲ್ಲರಿಗೂ ಕಾಣುತ್ತದೆ, ಆದರೆ ತಿರುಗಬೇಕಾದ ಚೆಂಡು ತಿರುಗದೆ ಬ್ಯಾಟಿನ ದಾರಿಗೇ ಬರುವುದು ಅದಕ್ಕಿಂತ ದೊಡ್ಡ ಪೆಟ್ಟು. 2002ರಿಂದ ಚೆಂಡುಗಳನ್ನು ತೇವ ಕಾಪಾಡುವ ಕೋಣೆಯಲ್ಲಿಟ್ಟರೂ ಇದು ಪೂರ್ತಿ ಹೋಗಿಲ್ಲ. ಹಾಗಾಗಿ ರಾಕೀಸ್ ಪಿಚರುಗಳನ್ನು ಡೆನ್ವರಿನ ಅಂಕಿಯಿಂದ ಅಳೆಯಬೇಡಿ, ಹೊರಊರಿನ ಅಂಕಿ ನೋಡಿ. ಈಗ ಆಡಳಿತಕ್ಕೆ ಪಾಲ್ ಡಿಪೊಡೆಸ್ಟಾ ಬಂದಿದ್ದಾರೆ. ಅವರು ಯಾರನ್ನು ಡ್ರಾಫ್ಟ್ ಮಾಡುತ್ತಾರೆ ಅನ್ನುವುದಕ್ಕಿಂತ ಟ್ರೇಡಿನ ಗಡುವಿನೊಳಗೆ ಯಾರನ್ನು ಕೊಟ್ಟು ಯಾರನ್ನು ತರುತ್ತಾರೆ ಅನ್ನುವುದೇ ನೋಡಬೇಕಾದದ್ದು.

ಸೀಸನ್ ಟಿಕೆಟ್ ಬೇಡ. ಹಣದ ಮಾತಲ್ಲ ಇದು. ಪ್ಯಾಕೇಜಿನಲ್ಲಿ ತಾರೀಕು ಮೊದಲೇ ನಿಗದಿ, ಆದರೆ ಒಬ್ಬ ಪಿಚರ್ ಬರುವುದು ಐದಾರು ದಿನಕ್ಕೊಮ್ಮೆ. ಯಾವ ತಾರೀಕಿಗೆ ಯಾರು ಅಂತ ಮಾರ್ಚಿನಲ್ಲಿ ಯಾರಿಗೂ ಗೊತ್ತಿರುವುದಿಲ್ಲ. ಬಿಡಿ ಟಿಕೆಟ್ ಕೊಳ್ಳಿ. ಲೀಗಿನ ಆ್ಯಪಿನಲ್ಲಿ ಮುಂದಿನ ಕೆಲವು ದಿನಗಳ ಆರಂಭಿಕ ಪಿಚರುಗಳ ಹೆಸರು ಹಾಕುತ್ತಾರೆ. ಎದುರಾಳಿ ಯಾರು ಅಂತ ನೋಡಬೇಡಿ, ನಿಮ್ಮ ಕಡೆಯ ಹೊಸ ಹುಡುಗ ಯಾವತ್ತು ಹಾಕುತ್ತಾನೆ ನೋಡಿ. ಯಾಂಕೀಸ್, ಡಾಡ್ಜರ್ಸ್ ಬಂದ ದಿನ ದುಡ್ಡೂ ಜಾಸ್ತಿ, ನಿಮ್ಮ ಸುತ್ತ ಕುಳಿತಿರುವವರೂ ಅವರ ಕಡೆಯವರೇ. ಸೋಮವಾರದಿಂದ ಗುರುವಾರದ ಸಂಜೆ ಪಂದ್ಯ ಒಳ್ಳೆಯದು, ಮರುಮಾರಾಟದಲ್ಲಿ ಅದೇ ದಿನ ಮಧ್ಯಾಹ್ನ ಕೊಳ್ಳಿ. ಒಂದು ಸಲವಾದರೂ ಬ್ಯಾಟರ್ ನಿಲ್ಲುವ ಜಾಗದ, ಅಂದರೆ ಹೋಮ್ ಪ್ಲೇಟಿನ, ನೇರ ಹಿಂದೆ ಕುಳಿತುಕೊಳ್ಳಿ, ಚೆಂಡು ತಿರುಗಿತೋ ಇಲ್ಲವೋ ಅಲ್ಲಿಂದ ಮಾತ್ರ ಕಾಣುತ್ತದೆ. ಮಕ್ಕಳು ಜೊತೆಗಿದ್ದರೆ ಮೊದಲ ಬೇಸ್ ಕಡೆಯ ಮೇಲಂತಸ್ತು, ಎದುರಿಗೆ ಬೆಟ್ಟಸಾಲು. ಅಲ್ಲಿ 20ನೇ ಸಾಲಿನ ನೇರಳೆ ಕುರ್ಚಿಗಳು ಸರಿಯಾಗಿ ಒಂದು ಮೈಲಿ ಎತ್ತರದಲ್ಲಿವೆ, ಅವರಿಗೆ ತೋರಿಸಿ.

ಏಪ್ರಿಲ್ ಟಿಕೆಟ್ಟನ್ನು ಮುಂಚಿತವಾಗಿ ಕೊಳ್ಳಲು ಹೋಗಬೇಡಿ. ನಿಮ್ಮೂರಿನಲ್ಲಿ ಆಗಲೂ ಹಿಮ ಬೀಳುತ್ತದೆ. ಪಂದ್ಯ ಮುಂದೂಡಿದರೆ ಪಿಚಿಂಗ್ ಸರದಿ ತಲೆಕೆಳಗಾಗಿ, ನೀವು ನೋಡಬೇಕೆಂದಿದ್ದವನು ಇನ್ನೊಂದು ಊರಿನಲ್ಲಿ ಚೆಂಡು ಹಾಕುತ್ತಿರುತ್ತಾನೆ. ಮೇ ಎರಡನೇ ವಾರದಿಂದ ಶುರುಮಾಡಿ.