ಮಹಿಳಾ ಉದ್ಯಮಿಗಳಿಗೆ ಅಂತರರಾಷ್ಟ್ರೀಯ ನೆರವು: ಹೆಚ್ಚಬೇಕಾದುದು ಮೊತ್ತವೇ, ಬದಲಾಗಬೇಕಾದುದು ಷರತ್ತೇ?

ಮಹಿಳಾ ಉದ್ಯಮಿಗಳ ಹೆಸರಿನಲ್ಲಿ ಅಂತರರಾಷ್ಟ್ರೀಯ ನೆರವು ಇಷ್ಟೊಂದು ಬರುತ್ತಿದ್ದರೂ ಅವರ ಉದ್ಯಮಗಳು ಸಣ್ಣದಾಗಿಯೇ ಉಳಿದಿರುವುದೇಕೆ, ಮೊತ್ತವನ್ನು ದುಪ್ಪಟ್ಟು ಮಾಡಿದರೆ ಸುಧಾರಿಸೀತೇ ಎಂದು ತಾವು ಕೇಳಿದ್ದೀರಿ. ಹಣ ಹೆಚ್ಚಬೇಕೆಂಬುದರಲ್ಲಿ ನನಗೆ ತಕರಾರಿಲ್ಲ. ಆದರೆ ಇಂದಿನ ಷರತ್ತುಗಳನ್ನು ಹಾಗೆಯೇ ಉಳಿಸಿಕೊಂಡರೆ ಅದರಿಂದ ಹೆಚ್ಚಿನ ಪ್ರಯೋಜನವಾಗದು ಎಂಬುದು ನನ್ನ ಅಭಿಪ್ರಾಯ.

2017ರಲ್ಲಿ ಹ್ಯಾಂಬರ್ಗ್‌ನ ಜಿ-20 ಶೃಂಗಸಭೆಯಲ್ಲಿ ಘೋಷಣೆಯಾದ, ವಿಶ್ವಬ್ಯಾಂಕಿನಲ್ಲಿ ನೆಲೆಗೊಂಡಿರುವ ‘ವಿ-ಫೈ’ (ಮಹಿಳಾ ಉದ್ಯಮಿಗಳ ಹಣಕಾಸು ಉಪಕ್ರಮ) ನಿಧಿಯನ್ನೇ ನೋಡಿ. ದಾನಿ ದೇಶಗಳು ಅದಕ್ಕೆ 30 ಕೋಟಿ ಡಾಲರ್‌ಗೂ ಹೆಚ್ಚು ಹಣ ಕೊಡಲು ಮುಂದೆ ಬಂದವು. ಇಂತಹ ಹಣ ಅಭಿವೃದ್ಧಿ ಬ್ಯಾಂಕುಗಳ ಕೈದಾಟಿ, ಹೆಚ್ಚಾಗಿ ಸ್ಥಳೀಯ ಬ್ಯಾಂಕಿನ ಮೂಲಕವೇ ಉದ್ಯಮಿಯನ್ನು ತಲುಪಬೇಕು. ಅಲ್ಲಿ ಸಾಲದ ಅಧಿಕಾರಿ ಮೊದಲು ಕೇಳುವುದು ಆಸ್ತಿಪತ್ರವನ್ನು. ಆಸ್ತಿ ಗಂಡನ ಅಥವಾ ತಂದೆಯ ಹೆಸರಿನಲ್ಲಿರುವ ಕಡೆಗಳಲ್ಲಿ ಕಡತ ಅಲ್ಲಿಗೇ ಮುಚ್ಚುತ್ತದೆ. ಆದ್ದರಿಂದ ನೆರವಿನ ದೊಡ್ಡ ಪಾಲು ಖಾತರಿಯ ರೂಪದಲ್ಲಿ, ಅಂದರೆ ಸಾಲ ಮರಳಿ ಬಾರದಿದ್ದರೆ ಬ್ಯಾಂಕಿನ ನಷ್ಟವನ್ನು ತುಂಬಿಕೊಡುವ ಭರವಸೆಯಾಗಿ ಬರಬೇಕು. ಯುರೋಪಿಯನ್ ಪುನರ್ನಿರ್ಮಾಣ ಮತ್ತು ಅಭಿವೃದ್ಧಿ ಬ್ಯಾಂಕು ತನ್ನ ಮಹಿಳಾ ಉದ್ಯಮಿಗಳ ಕಾರ್ಯಕ್ರಮದಲ್ಲಿ ಸ್ಥಳೀಯ ಬ್ಯಾಂಕುಗಳ ಆರಂಭಿಕ ನಷ್ಟದ ಒಂದು ಭಾಗವನ್ನು ಹೊರುವ ವ್ಯವಸ್ಥೆ ಮಾಡಿದೆ. ಖಾತರಿ ಪಡೆದ ಬ್ಯಾಂಕು ಅಷ್ಟರಮಟ್ಟಿಗೆ ಅಡಮಾನ ಕೇಳುವುದನ್ನು ಬಿಡಬೇಕೆಂಬ ಷರತ್ತನ್ನೂ ನಾನು ಸೇರಿಸುತ್ತೇನೆ. ಇಲ್ಲದಿದ್ದರೆ ಅದು ಬ್ಯಾಂಕಿಗೆ ಸಿಕ್ಕ ರಿಯಾಯಿತಿ, ಅಷ್ಟೆ.

ಮರುಪಾವತಿಯ ವೇಳಾಪಟ್ಟಿಯೂ ಅಷ್ಟೇ ಮುಖ್ಯ. ಕೋಲ್ಕತ್ತಾದಲ್ಲಿ ಕಿರುಸಾಲ ಪಡೆದ ಮಹಿಳೆಯರ ಮೇಲೆ ನಡೆದು 2013ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಸಾಲ ಪಡೆದ ಎರಡೇ ವಾರಕ್ಕೆ ಕಂತು ಕಟ್ಟಬೇಕಾದವರಿಗಿಂತ ಎರಡು ತಿಂಗಳ ಬಿಡುವು ಸಿಕ್ಕವರು ವ್ಯಾಪಾರದಲ್ಲಿ ಹೆಚ್ಚು ಹೂಡಿದರು. ಮುಂದೆ ಅವರ ಲಾಭವೂ ಹೆಚ್ಚಿತು. ಸಾಲ ಬಾಕಿ ಉಳಿಸಿಕೊಂಡವರೂ ಹೆಚ್ಚಿದರು ಎಂಬುದನ್ನು ಮುಚ್ಚಿಡಬಾರದು. ಬ್ಯಾಂಕು ಹೊರಲು ಹಿಂಜರಿಯುವ ಈ ಹೆಚ್ಚುವರಿ ನಷ್ಟವನ್ನು ದಾನಿಗಳ ಹಣ ಭರಿಸಲಿ. ನೆರವು ಇರುವುದೇ ಅದಕ್ಕಲ್ಲವೇ?

ಸಾಲದ ಬದಲು ಬರೀ ಧನಸಹಾಯ ಕೊಟ್ಟರೆ ಸಾಕಲ್ಲವೇ ಎನ್ನುವವರು ಶ್ರೀಲಂಕಾದ ಅನುಭವವನ್ನು ಗಮನಿಸಬೇಕು. ಅಲ್ಲಿ ಸಣ್ಣ ಉದ್ಯಮಗಳಿಗೆ 100–200 ಡಾಲರ್ ಕೊಟ್ಟಾಗ ಪುರುಷರ ಲಾಭ ಏರಿತು, ಮಹಿಳೆಯರದು ಸರಾಸರಿಯಲ್ಲಿ ಏರಲಿಲ್ಲ. ಅದೇ ದತ್ತಾಂಶವನ್ನು ನಂತರ ಮರುಪರಿಶೀಲಿಸಿದಾಗ, ಮನೆಯಲ್ಲಿ ಆಕೆಯೊಬ್ಬಳೇ ಉದ್ಯಮಿಯಾಗಿದ್ದ ಕಡೆ ಅಂತಹ ಅಂತರ ಕಾಣಲಿಲ್ಲ. ಉಳಿದ ಕಡೆ ಹಣ ಗಂಡನ ವ್ಯಾಪಾರಕ್ಕೆ ಹೋಗುತ್ತಿತ್ತೆಂಬ ವಿವರಣೆಗೆ ಇದು ಪುಷ್ಟಿ ಕೊಟ್ಟಿತು.

ತರಬೇತಿಯ ಬಗ್ಗೆ ಒಂದೇ ಮಾತು: ಪಶ್ಚಿಮ ಆಫ್ರಿಕಾದ ಟೋಗೊ ದೇಶದಲ್ಲಿ ಲೆಕ್ಕಪತ್ರ ಕಲಿಸುವ ಸಾಂಪ್ರದಾಯಿಕ ತರಗತಿಗಿಂತ ತಾವೇ ಮುಂದಾಗಿ ಹೆಜ್ಜೆಯಿಡುವ ಮನೋಭಾವವನ್ನು ಬೆಳೆಸುವ ತರಬೇತಿಯೇ ಹೆಚ್ಚು ಫಲ ನೀಡಿತು.

ದಾನಿಗಳು ಎಷ್ಟು ಮಹಿಳೆಯರಿಗೆ ಸಾಲ ಹಂಚಲಾಯಿತು ಎಂಬ ಲೆಕ್ಕವನ್ನಷ್ಟೇ ಕೇಳುವ ಬದಲು, ಖಾತೆಯ ನಿರ್ವಹಣೆ ಯಾರ ಕೈಯಲ್ಲಿದೆ, ಎರಡನೆಯ ಸಾಲ ಮೊದಲನೆಯದಕ್ಕಿಂತ ದೊಡ್ಡದಾಯಿತೇ ಎಂಬುದನ್ನು ಕೇಳಿ, ನೆರವಿನ ಮುಂದಿನ ಕಂತಿನ ಬಿಡುಗಡೆಯನ್ನು ಆ ಉತ್ತರಗಳಿಗೆ ಜೋಡಿಸಬೇಕು.