ಆಕ್ಸಲ್ ಎಣಿಸುವ ಮೊದಲು ತೂಕ ಹಾಕಿಸಿ

ಇಬ್ಬರೇ ಪ್ರಯಾಣಿಸುವವರು ಒಂದೇ ಆಕ್ಸಲ್‌ನ (ಬದಿಗೊಂದೇ ಚಕ್ರವಿರುವ), ಕಾರಿನ ಹಿಂದೆ ಎಳೆದೊಯ್ದು ಒಳಗೇ ತಂಗುವಂಥ ಟ್ರೇಲರ್ ಕೊಳ್ಳಬಹುದೇ, ಟೈರ್ ಒಡೆದರೆ ಬದಿಗೆರಡು ಚಕ್ರವಿರುವ ಜೋಡಿ ಆಕ್ಸಲ್ ಕಾಪಾಡುತ್ತದೆಯೇ ಎಂದು ಕೇಳಿದ್ದೀರಿ. ಆರು ವರ್ಷಗಳ ಹಿಂದೆ ನಾನೂ ಹೀಗೆಯೇ ಯೋಚಿಸಿ ಒಂದೇ ಆಕ್ಸಲ್‌ನದನ್ನು ಕೊಂಡಿದ್ದೆ. ಎರಡನೆಯ ಬೇಸಿಗೆಯಲ್ಲಿ, ಹೆದ್ದಾರಿಯ ಮೇಲೆ ಎಡಗಡೆಯ ಟೈರ್ ಒಡೆಯಿತು. ವಾಲಿದ ಟ್ರೇಲರ್ ಕಾರಿನ ಹಿಂಬದಿಯನ್ನೂ ಎಳೆಯತೊಡಗಿತು. ಹೇಗೋ ರಸ್ತೆಯಂಚಿಗೆ ತಂದು ನಿಲ್ಲಿಸಿದೆ. ಕಿತ್ತುಬಂದ ರಬ್ಬರಿನ ಪಟ್ಟಿ ಚಕ್ರದ ಮೇಲಿನ ಗೂಡನ್ನು ಚಾಟಿಯಂತೆ ಹೊಡೆದು ಸೀಳಿತ್ತು. ಅಡುಗೆ ಕಟ್ಟೆಯ ಕೆಳಗಿನ ನೀರಿನ ಪೈಪು ತುಂಡಾಗಿ ಪಾತ್ರೆಗಳೆಲ್ಲ ನೀರಿನಲ್ಲಿ ನಿಂತಿದ್ದವು.

ಎಲ್ಲರೂ ಒಂಟಿ ಆಕ್ಸಲ್ಲನ್ನೇ ದೂರಿದರು. ತಪ್ಪು ನನ್ನದಾಗಿತ್ತು. ಖಾಲಿ ತೂಕ 1,210 ಕಿಲೋ, ಟ್ರೇಲರಿನ ಫಲಕದಲ್ಲಿದ್ದ ಒಟ್ಟು ತೂಕದ ಗರಿಷ್ಠ ಮಿತಿ 1,500. ನಡುವಿನ 290 ಕಿಲೋ ನಮ್ಮಿಬ್ಬರಿಗೆ ಧಾರಾಳವಾಯಿತೆಂದು ನಂಬಿ, ಎರಡು ವರ್ಷ ಒಮ್ಮೆಯೂ ತೂಕ ಹಾಕಿಸಲಿಲ್ಲ. ಒಂದು ಲೀಟರ್ ನೀರೆಂದರೆ ಒಂದು ಕಿಲೋ ಎಂದು ಗೊತ್ತಿದ್ದರೂ, ಮನೆಯಿಂದಲೇ 110 ಲೀಟರಿನ ತೊಟ್ಟಿಯನ್ನು ತುಂಬಿಕೊಂಡು ಹೊರಡುವಾಗ ಅದನ್ನು ಹೊರೆಯ ಲೆಕ್ಕಕ್ಕೆ ಸೇರಿಸಬೇಕೆಂದು ನನಗೆ ಹೊಳೆಯಲೇ ಇಲ್ಲ. ಆಮೇಲೆ ಹಾಕಿಸಿದ ಎರಡನೆಯ ಬ್ಯಾಟರಿ, ಬಿಸಿಲಿನ ಚಪ್ಪರ, ಗ್ಯಾಸ್ ಸಿಲಿಂಡರ್, ಯಾವುದನ್ನೂ ಲೆಕ್ಕ ಹಿಡಿದಿರಲಿಲ್ಲ. ರಿಪೇರಿಯಾದ ಮೇಲೆ ಎಂದಿನಂತೆಯೇ ತುಂಬಿಸಿ ವೇಬ್ರಿಡ್ಜಿಗೆ ಒಯ್ದಾಗ 1,690 ಕಿಲೋ ತೋರಿಸಿತು. ತೊಟ್ಟಿಯೂ ಬ್ಯಾಟರಿಯೂ ಎಡಬದಿಗೇ ಇದ್ದುದರಿಂದ ಎಡ ಚಕ್ರದ ಪಾಲು ಇನ್ನೂ ಹೆಚ್ಚಾಗಿತ್ತು. ಹೊರೆ ಮೀರಿದಾಗ ಟೈರಿನ ಪಕ್ಕೆ ಪ್ರತಿ ಸುತ್ತಿನಲ್ಲೂ ಅತಿಯಾಗಿ ಬಾಗುತ್ತದೆ, ಕಾಯುತ್ತದೆ, ಕೊನೆಗೆ ಒಳಗಿನ ಪದರಗಳು ಬಿಟ್ಟುಕೊಳ್ಳುತ್ತವೆ.

ಆದ್ದರಿಂದ ಆಕ್ಸಲ್ ಒಂದೋ ಎರಡೋ ಎಂಬಲ್ಲಿಂದ ನೀವು ಶುರುಮಾಡಿದ್ದೇ ಸರಿಯಲ್ಲವೆಂದು ನನ್ನ ಅಭಿಪ್ರಾಯ. ಜೋಡಿ ಆಕ್ಸಲ್‌ನಲ್ಲಿ ಒಂದು ಟೈರ್ ಒಡೆದರೆ ಅದೇ ಬದಿಯ ಇನ್ನೊಂದು ಟೈರ್ ನಿಮ್ಮನ್ನು ರಸ್ತೆಯಂಚಿನವರೆಗೆ ತಲುಪಿಸುತ್ತದೆ, ನಿಜ. ಆದರೆ ಮೊದಲೇ ಮಿತಿಮೀರಿ ಹೇರಿದ್ದರೆ ಅದೂ ಒಡೆಯಬಹುದು, ಒಡೆಯದಿದ್ದರೂ ಅಷ್ಟು ಭಾರ ಹೊತ್ತ ಟೈರನ್ನು ಮತ್ತೆ ನಂಬುವಂತಿಲ್ಲ. ಅದರ ಮೇಲೆ ನಾಲ್ಕು ಟೈರುಗಳ ಖರ್ಚು ಬೇರೆ, ಕೈಯಿಂದ ತಳ್ಳಿ ತಿರುಗಿಸುವುದೂ ಕಷ್ಟ.

ನಿಮ್ಮ ಸಾಮಾನನ್ನೆಲ್ಲ ಮೊದಲು ತೂಗಿ ಖಾಲಿ ತೂಕಕ್ಕೆ ಸೇರಿಸಿ. ಮಿತಿಯ ಹತ್ತಿರ ಬಂದರೆ ಮಾತ್ರ ಜೋಡಿ ಆಕ್ಸಲ್‌ನದನ್ನು ನೋಡಿ. ನಾನು ಈಗಲೂ ಒಂದೇ ಆಕ್ಸಲ್‌ನ ಟ್ರೇಲರನ್ನೇ ಇಟ್ಟುಕೊಂಡಿದ್ದೇನೆ, ಮಿತಿ 1,800 ಕಿಲೋ ಇರುವಂಥದ್ದು. ತುಂಬಿಸಿದಾಗ 1,480 ಬರುತ್ತದೆ. ನೀರನ್ನು ತಂಗುವ ಜಾಗ ತಲುಪಿದ ಮೇಲೆಯೇ ತುಂಬಿಸಿಕೊಳ್ಳುತ್ತೇನೆ.